ಗುಡ್ಡದಾಗ ಹೆಜ್ಜೇನು ಎದ್ರ ಕೆರಿಗೆ ಹಾರಬೇಕಾ? ಚಂದ್ರಂಪಳ್ಳಿಗೆ ಹೋಗಿ ಬಂದ ಓದುಗರಿಗೆ ಒಂದು ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರ್ ಸಾಹೇಬ್ರ. ನಾವು ಕಲಬುರಗಿಯವ್ರು, ಆರು ಮಂದಿ ದೋಸ್ತರು, ಎಲ್ಲಾರೂ ನಲವತ್ತೈದು ದಾಟಿದವ್ರು. ದೀಪಾವಳಿ ಮುಗದು ಮಳಿ ಪೂರಾ ನಿಂತು ಚಳಿ ಶುರು ಆಗೋ ಹೊತ್ತಿಗೆ ಒಂದು ಐತಾರ ಯಾವದಾದ್ರೂ ಕೆರಿ, ಗುಡ್ಡ ಅಂತ ನಡಕೊಂತ ಹೋಗೋದು ನಮ್ಮ ರೂಢಿ. ಹೋದ ವರ್ಷ ಚಿಂಚೋಳಿ ಕಡೆ ಚಂದ್ರಂಪಳ್ಳಿ ಡ್ಯಾಮಿಗೆ ಹೋಗಿದ್ವಿ. ನೀರಿನ ದಂಡಿಗುಂಟ ನಡದು ಗುಡ್ಡ ಹತ್ತಿ ಒಂದು ದೊಡ್ಡ ಬಂಡಿಗಲ್ಲಿನ ನೆರಳಿನಾಗ ಬುತ್ತಿ ಬಿಚ್ಚಿದ್ವಿ, ಒಬ್ಬವ ಚಹಾ ಕಾಸೋಣ ಅಂತ ಕಟಗಿ ಕೂಡಿಸಿ ಬೆಂಕಿ ಹಚ್ಚಿದ. ಸ್ವಲ್ಪ ಹೊತ್ತಿಗೆ ಮ್ಯಾಲಿಂದ ಹೆಜ್ಜೇನು ಎದ್ದು ಬಂದ್ವು. ನನಗ ಏಳೆಂಟು ಕಡದ್ವು, ಆದ್ರ ಒಬ್ಬ ದೋಸ್ತಗ ಮೂವತ್ತರ ಮ್ಯಾಲೇ ಕಡದಿರಬೇಕು. ಹತ್ತು ನಿಮಿಷದಾಗ ಅವನ ಮೈತುಂಬ ದದ್ದು ಎದ್ವು, ವಾಂತಿ ಆಯ್ತು, ಕಣ್ಣಿಗೆ ಕತ್ತಲಿ ಬಂದದ ಅಂತ ಕುಂತುಬಿಟ್ಟ. ಎಬ್ಬಿಸಿ ಹೆಗಲು ಕೊಟ್ಟು ನಡಸಿಕೊಂಡೇ ಕೆಳಗ ತಂದ್ವಿ. ದಾರ್ಯಾಗಿನ ಒಂದು ದವಾಖಾನ್ಯಾಗ ಅವಿಲ್ ಇಂಜೆಕ್ಷನ್ ಹಾಕಿ ಮನಿಗೆ ಕಳಿಸಿದ್ರು, ಸಂಜಿಗೆ ಆರಾಮ ಆದ. ಅವ ಬಿಪಿ ಗುಳಿಗಿ ತಗೋತಾನ. ಈಗ ಮತ್ತ ಹೋಗೋ ಟೈಮ್ ಬಂದದ. ಕೆರಿಗೆ ಹಾರಿದ್ರ ಒಂದೂ ಕಡೀತಿರಲಿಲ್ಲ ಅಂತ ಒಬ್ರು, ಒಮ್ಮೆ ಇಷ್ಟು ಕಡಸ್ಕೊಂಡ ಮ್ಯಾಲ ಮೈಗೆ ರೂಢಿ ಆಗ್ತದ, ಇನ್ನ ಏನೂ ಆಗಲ್ಲ ಅಂತ ಇನ್ನೊಬ್ರು. ಅವನ ಮನಿಯವ್ರು ಮಾತ್ರ ಹೊರಗ ಕಾಲಿಡಬ್ಯಾಡ ಅಂತಾರ, ಜೇನುತುಪ್ಪನೂ ಬಿಡಿಸ್ಯಾರ. ನಾನು ಏನ ತಪ್ಪ ಮಾಡಿದೆ, ಅವನ್ನ ಕರಕೊಂಡು ಹೋಗಬೇಕೋ ಬ್ಯಾಡೋ, ಆ ಗೂಡು ಸುಡಿಸಿಬಿಡೋದು ಛೊಲೋನಾ, ಸ್ವಲ್ಪ ಬಿಡಿಸಿ ಹೇಳ್ರಿ.

ಉತ್ತರ: ನಿಮ್ಮ ಪತ್ರ ಓದಿ ಮೊದಲು ನನಗ ಅನಿಸಿದ್ದು ಇಷ್ಟು, ನಿಮ್ಮ ದೋಸ್ತ ಅವತ್ತು ಸಾವಿನ ಹತ್ರ ಹೋಗಿ ಬಂದಾರ, ಅದು ನಿಮಗ್ಯಾರಿಗೂ ಇನ್ನೂ ಗೊತ್ತಾಗಿಲ್ಲ. ಹೆದರಸ್ಲಿಕ್ಕೆ ಹೇಳ್ತಿಲ್ರಿ. ಈ ವರ್ಷ ಹೋಗೋದು ಬಿಡೋದು ಎಲ್ಲಾ ಅದೊಂದು ವಿಷಯದ ಮ್ಯಾಲೇ ನಿಂತದ, ಅದಕ್ಕ ಅಲ್ಲಿಂದಲೇ ಶುರು ಮಾಡ್ತೀನಿ.

ಜೇನು ಕಡದ್ರ ಮೈಯಾಗ ಆಗೋದು ಎರಡು ಬ್ಯಾರೆ ಬ್ಯಾರೆ ತೊಂದರೆ, ನಮ್ಮ ಮಂದಿ ಎರಡನ್ನೂ ಕೂಡಿಸಿ ಒಂದೇ ಮಾಡ್ತಾರ. ಒಂದು, ವಿಷದ ಪ್ರಮಾಣ. ಹುಳದ ವಿಷದಾಗ ಮೆಲಿಟಿನ್ ಅಂತ ಒಂದು ಪ್ರೋಟೀನ್ ಅದ, ಅರ್ಧದಷ್ಟು ಅದೇ ಇರ್ತದ, ಅದು ರಕ್ತದ ಕಣ, ಸ್ನಾಯುವಿನ ಕಣ ಎಲ್ಲಾ ಒಡಿತದ. ನಾಕು ಕಡದ್ರ ಉರಿ ಬಾವು ಅಷ್ಟೇ, ನೂರು ಇನ್ನೂರು ಕಡದ್ರ ಅದೇ ವಿಷ ಕಿಡ್ನಿ ಮ್ಯಾಲ ಹೋಗ್ತದ. ಇದರಾಗ ಲೆಕ್ಕ ಮುಖ್ಯ. ಎರಡನೇದು ಅಲರ್ಜಿ, ಇದರಾಗ ಲೆಕ್ಕಕ್ಕ ಅರ್ಥನೇ ಇಲ್ಲ, ಒಂದೇ ಒಂದು ಹುಳ ಕಡದ್ರೂ ಸಾಕು, ಮೈಯೇ ತನ್ನ ಮ್ಯಾಲ ತಾನು ತಿರುಗಿ ಬೀಳ್ತದ, ರಕ್ತನಾಳ ಸಡಲಾಗಿ ಬಿಪಿ ಇಳಿತದ, ಗಂಟಲು ಬಾಯ್ತದ, ಉಸುರು ಕಟ್ತದ. ಇದಕ್ಕ ನಾವು ಅನಫೈಲ್ಯಾಕ್ಸಿಸ್ ಅಂತೀವಿ.

ನಿಮ್ಮ ದೋಸ್ತಗ ಆಗಿದ್ದು ಏನು? ಕಡದ ಜಾಗದಾಗ ಬಾವು ಬಂದಿದ್ರ ಅದು ಎಲ್ಲಾರಿಗೂ ಬರೋದೇ. ಆದ್ರ ಹುಳ ಮುಟ್ಟದ ಹೊಟ್ಟಿ, ತೊಡಿ, ಬೆನ್ನಿನ ಮ್ಯಾಲೂ ದದ್ದು ಎದ್ದಾವ, ಅದೂ ಹತ್ತೇ ನಿಮಿಷದಾಗ, ಜೊತಿಗೆ ವಾಂತಿ, ಕಣ್ಣಿಗೆ ಕತ್ತಲಿ. ಚರ್ಮ ಒಂದು, ಹೊಟ್ಟಿ ಒಂದು, ಬಿಪಿ ಒಂದು, ಮೂರೂ ಕಡೆ ಒಮ್ಮೆಲೇ ತೊಂದರೆ ಅಂದ್ರ ನಾನು ಅದನ್ನ ಅನಫೈಲ್ಯಾಕ್ಸಿಸ್ ಅಂತಲೇ ಹಿಡಿತೀನಿ, ಬ್ಯಾರೆ ಏನೋ ಇರಬಹುದು ಅಂತ ಕಾಯೋದಿಲ್ಲ. ಮೂವತ್ತು ಹುಳದ ವಿಷವೂ ಅದರಾಗ ಸ್ವಲ್ಪ ಕೂಡಿರ್ತದ, ಇಲ್ಲ ಅನ್ನಂಗಿಲ್ಲ, ಆದ್ರ ಬರೇ ಅಷ್ಟು ವಿಷಕ್ಕ ಒಬ್ಬ ದೊಡ್ಡ ಮನುಷ್ಯಾಗ ಹತ್ತು ನಿಮಿಷದಾಗ ಮೈತುಂಬ ದದ್ದು ಏಳೋದಿಲ್ಲ.

ಮತ್ತ ಅವಿಲ್ ಹಾಕಿ ಕಳಿಸಿದ್ದು. ಈ ಮಾತು ನಾ ಸ್ವಲ್ಪ ಜೋರಾಗಿ ಹೇಳಬೇಕಾಗ್ತದ, ಯಾಕಂದ್ರ ಇದನ್ನ ನಮ್ಮ ಭಾಗದಾಗ ಮತ್ತ ಮತ್ತ ನೋಡ್ತೀನಿ. ಅವಿಲ್, ಸೆಟ್ರಿಜಿನ್ ಇವೆಲ್ಲಾ ದದ್ದು ತುರಿಕಿಗೆ ಔಷಧ. ಬಿದ್ದ ಬಿಪಿ ಎತ್ತೋ ಶಕ್ತಿ ಅವಕ್ಕಿಲ್ಲ, ಬಾತ ಗಂಟಲು ಬಿಡಿಸೋ ಶಕ್ತಿ ಇಲ್ಲ. ಡೆಕ್ಸಾ, ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟಿರಾಯ್ಡ್ ಕೆಲಸ ಶುರು ಮಾಡ್ಲಿಕ್ಕೆ ತಾಸುಗಟ್ಲೆ ಬೇಕು. ಅನಫೈಲ್ಯಾಕ್ಸಿಸ್‌ಗೆ ಮೊದಲನೇ ಔಷಧ ಒಂದೇ, ಅಡ್ರಿನಾಲಿನ್. ದೊಡ್ಡವ್ರಿಗೆ 0.5 ಮಿಲಿಗ್ರಾಂ, ಅಂದ್ರ ಒಂದು ಆಂಪೂಲಿನ (ಔಷಧದ ಸಣ್ಣ ಗಾಜಿನ ಸೀಸೆ) ಅರ್ಧ, ತೊಡಿಯ ಹೊರಮಗ್ಗಲಿನ ಸ್ನಾಯುವಿಗೆ ಚುಚ್ಚೋದು, ಐದು ನಿಮಿಷಕ್ಕ ಸುಧಾರಿಸಿಲ್ಲ ಅಂದ್ರ ಇನ್ನೊಮ್ಮೆ. ಭಾಳ ಸೋವಿ ಇಂಜೆಕ್ಷನ್ ಅದು, ಪ್ರಾಥಮಿಕ ಆರೋಗ್ಯ ಕೇಂದ್ರದಾಗೂ ಇಟ್ಟಿರೋವಂಥದ್ದು. ಹಾರ್ಟಿಗೆ ತ್ರಾಸ ಆದೀತು ಅಂತ ಹೆದರಿ ಕೊಡದೇ ಇರೋರು ಅದಾರ, ಆದ್ರ ಸ್ನಾಯುವಿಗೆ ಕೊಡೋ ಈ ಡೋಸಿನಾಗ ಆಗೋ ಎದಿ ಬಡಿತ, ನಡುಕ ಸ್ವಲ್ಪ ಹೊತ್ತಿಗೆ ಹೋಗ್ತದ, ಕೊಡದೇ ಬಿಟ್ರ ಹೋಗೋದು ಜೀವ.

ಇನ್ನೊಂದು, ಸುಧಾರಿಸ್ಯಾನ ಅಂತ ಆ ಕೂಡಲೇ ಮನಿಗೆ ಕಳಿಸೋದೂ ಸರಿ ಅಲ್ಲ. ಮೊದಲನೇ ಹೊಡತ ಇಳದ ಮ್ಯಾಲ ಕೆಲವರಿಗಿ ತಾಸುಗಟ್ಲೆ ಬಿಟ್ಟು ಎರಡನೇ ಸಲ ಅದೇ ಕಾಟ ಬರ್ತದ, ಅದಕ್ಕ ಬಿಪಿ ಬಿದ್ದವ್ರನ್ನ ನಾನಾದ್ರ ಒಂದು ರಾತ್ರಿ ವಾರ್ಡಿನಾಗೇ ಇಟ್ಕೋತೀನಿ. ನಿಮ್ಮ ದೋಸ್ತಗ ಹಂಗ ಬರಲಿಲ್ಲ, ತಾನಾಗೇ ಇಳೀತು. ತಾನಾಗೇ ಇಳಿಯೋದೂ ಉಂಟು, ಆದ್ರ ಮುಂದಿನ ಸಲ ಹಂಗೇ ಆಗ್ತದ ಅಂತ ನಂಬಿ ಕೂಡಂಗಿಲ್ಲ.

ಈಗ ಆ ಕೆರಿ ಮಾತು. ನೀರಿಗೆ ಹಾರಲಿಲ್ಲ ಅಂತ ನಿಮಗ ಚಿಂತಿ ಇದ್ರ ಇವತ್ತೇ ಬಿಟ್ಟುಬಿಡ್ರಿ, ಹಾರದೇ ಇದ್ದದ್ದೇ ಛೊಲೋ ಆಯ್ತು. ಹೆಜ್ಜೇನು ಎದ್ದಾಗ ನೀರಿಗೆ ಬಿದ್ದವ್ರ ತಲಿ ಮ್ಯಾಲ ಹುಳ ಸುತ್ತಕೊಂತ ಕಾಯ್ತಾವ, ಮನುಷ್ಯ ಉಸುರಿಗೆ ಮುಖ ಎತ್ತಿದ ಕೂಡಲೇ ಮೂಗು ಬಾಯಿ ಕಣ್ಣಿಗೇ ಹತ್ತಾವ. ನಮ್ಮ ಉಸುರಿನಾಗಿನ ಗಾಳಿ, ಮುಖದ ಬಿಸಿ, ಕರೀ ಕೂದಲು, ಇವನ್ನೇ ಗುರಿ ಇಟ್ಟು ಬರೋ ಹುಳ ಅದು. ಅದರ ಮ್ಯಾಲ ದೀಪಾವಳಿ ಮುಂದ ಅಂದ್ರ ಮಳಿಗಾಲದ ನೀರು ಡ್ಯಾಮಿನಾಗ ನಿಂತಿರ್ತದ, ದಂಡಿಯಿಂದ ನಾಕು ಹೆಜ್ಜಿಗೇ ಆಳ, ತಳದಾಗ ಕೆಸರು, ಬೂಟು ಹಾಕ್ಕೊಂಡು ಬಿದ್ದವ ಈಜು ಬಂದ್ರೂ ಏಳೋದು ಕಷ್ಟ. ಅನಫೈಲ್ಯಾಕ್ಸಿಸ್ ಆದವ ನೀರಿನಾಗ ಎಚ್ಚರ ತಪ್ಪಿದ್ರ ಅವನ್ನ ಎಳಕೊಂಡು ಬರೋರು ಯಾರು, ನೀವೆಲ್ಲಾ ಹುಳದ ಕೈಯಾಗ ಇದ್ದಾಗ. ನಿಮ್ಮ ಚಂದ್ರಂಪಳ್ಳಿಗೆ ಅಷ್ಟೇ ಅಲ್ಲ, ಯಾದಗಿರಿ, ಶಹಾಪುರ, ಸುರಪುರದ ಗುಡ್ಡದ ಬುಡಕ ಇರೋ ಕೆರಿಗೂ ಇದೇ ಮಾತು.

ಮತ್ತ ಏನ ಮಾಡಬೇಕು ಅಂದ್ರ, ಓಡಬೇಕು. ಇದರಾಗ ಒಂದು ಗೊಂದಲ ಅದ, ಕೆಲವ್ರು ಅಲ್ಲಾಡದೇ ನಿಲ್ಲು ಅಂತಾರ, ಕೆಲವ್ರು ಓಡು ಅಂತಾರ. ಎರಡೂ ಖರೆ, ಟೈಮ್ ಬ್ಯಾರೆ. ಒಂದೆರಡು ಹುಳ ಮುಖದ ಮುಂದ ಗುಂಯ್ ಅಂತ ತಿರಗ್ತಾವ, ಇನ್ನೂ ಕಡದಿಲ್ಲ, ಆವಾಗ ಕೈ ಬೀಸದೇ, ಟಾವೆಲ್ ಝಾಡಿಸದೇ ಬಂದ ದಾರಿಗುಂಟ ಸುಮ್ಮ ಹಿಂದಕ್ಕ ಸರದು ಹೋಗಬೇಕು. ಅವು ಕಾವಲು ಹುಳ, ನೋಡ್ಲಿಕ್ಕೆ ಬಂದಿರ್ತಾವ. ಆದ್ರ ಎರಡು ಮೂರು ಕಡದ್ವು, ಮ್ಯಾಲಿಂದ ಮತ್ತ ಬರ್ಲಿಕತ್ಯಾವ ಅಂದ್ರ ನಿಲ್ಲೋದು ಮುಗೀತು. ಅಂಗಿಯೋ ಚಾದರವೋ ತಲಿ ಮುಖದ ಮ್ಯಾಲ ಎಳಕೊಂಡು, ಕಾಲು ಇಡೋ ಜಾಗ ಕಾಣುವಷ್ಟು ಬಿಟ್ಟು, ಗೂಡಿನಿಂದ ಎಷ್ಟು ದೂರ ಆಗ್ತದೋ ಅಷ್ಟು ದೂರ ಹೋಗ್ರಿ, ಕಾರು ಇದ್ರ ಕಾರು, ಮನಿ ಇದ್ರ ಮನಿ, ಏನೂ ಇಲ್ಲ ಅಂದ್ರ ದಟ್ಟ ಗಿಡಗಂಟಿ. ಕಾರಿನಾಗ ನಿಮ್ಮ ಜೊತಿಗೆ ಹತ್ತು ಹುಳ ಬಂದ್ರೂ ಬರಲಿ, ಹೊರಗಿನ ಸಾವಿರಕ್ಕಿಂತ ಛೊಲೋ. ಹೆಜ್ಜೇನು ತುಡವಿ ಜೇನಿನಂಗ ಐವತ್ತು ಹೆಜ್ಜಿಗೆ ಬಿಡೋದಿಲ್ಲ, ಫರ್ಲಾಂಗುಗಟ್ಲೆ ಬೆನ್ನು ಹತ್ತಾವ. ಮತ್ತ ಬಂಡಿ ಇರೋ ಇಳಿಜಾರಿನಾಗ ಕಣ್ಣು ಮುಚ್ಚಿ ಓಡಿ ಬಿದ್ದು ತಲಿ ಒಡಕೊಂಡು, ಚಪ್ಪಿ ಮುರಕೊಂಡು ಬಂದವ್ರನ್ನ ನಾನು ಕ್ಯಾಜುವಲ್ಟಿಯಾಗ ನೋಡೀನಿ, ಹುಳ ಕಡದ ಗಾಯಕ್ಕಿಂತ ಬಿದ್ದ ಗಾಯವೇ ಭಾರಿ ಇರ್ತದ, ಅದಕ್ಕ ಮೊದಲೇ ಇಳಿಯೋ ದಾರಿ ನೋಡಿಟ್ಕೊಂಡಿರಬೇಕು.

ಹುಳ ಹೊಡದು ಜಜ್ಜಬ್ಯಾಡ್ರಿ. ಕೊಂಡಿ ನಟ್ಟ ಜಾಗದಾಗ, ಜಜ್ಜಿದ ಹುಳದಾಗ ಒಂದು ವಾಸನಿ ಬಿಡ್ತದ, ಬಾಳಿಹಣ್ಣಿನ ವಾಸನಿ ಇದ್ದಂಗ, ಉಳದ ಹುಳಕ್ಕ ಇಲ್ಲೇ ಕಡೀರಿ ಅಂತ ಗುರುತು ಹಾಕಿದಂಗ ಅದು. ಹೆಜ್ಜೇನಿನಾಗ ಇದರ ಜೊತಿಗೆ ಬೇಗ ಆರದ ಇನ್ನೊಂದು ಪದಾರ್ಥನೂ ಇರ್ತದ, ಅದಕ್ಕೇ ಈ ಹುಳದ ಸಿಟ್ಟು ಭಾಳ ಹೊತ್ತು ಇಳಿಯೋದಿಲ್ಲ, ಬಿಟ್ಟು ಬಂದ ಬ್ಯಾಗ್ ತರ್ತೀನಿ, ಮೊಬೈಲ್ ತರ್ತೀನಿ ಅಂತ ಅರ್ಧ ತಾಸಿಗೆ ಹೊಳ್ಳಿ ಹೋದವ್ರಿಗಿ ಎರಡನೇ ಸಲ ಕಡಿತಾವ. ಸಾಮಾನು ಅಲ್ಲೇ ಇರಲಿ. ಹೋಗಲೇಬೇಕಾದ್ರ ಕತ್ತಲಾದ ಮ್ಯಾಲ ಅಲ್ಲಿಯವ್ರನ್ನ ಕೇಳಿ, ಬ್ಯಾಟರಿ ಬೆಳಕು ಗೂಡಿನ ಕಡೆ ತಿರುಗಿಸದೇ ಹೋಗೋದು.

ದೂರ ಬಂದ ಮ್ಯಾಲ ಕೊಂಡಿ ತೆಗೀರಿ. ಬೆರಳಿಂದ ಹಿಡದು ಕಿತ್ರ ವಿಷ ಒಳಗ ಹೋಗ್ತದ, ಎಟಿಎಂ ಕಾರ್ಡಿನಿಂದ ಕೆರದೇ ತೆಗೀಬೇಕು ಅಂತ ಒಂದು ಮಾತು ಎಲ್ಲಾ ಕಡೆ ಓಡ್ಯಾಡ್ತದ. ಇದನ್ನ ಪ್ರಯೋಗ ಮಾಡಿ ನೋಡ್ಯಾರ, ಹೆಂಗ ತೆಗದ್ರಿ ಅನ್ನೋದು ಲೆಕ್ಕಕ್ಕಿಲ್ಲ, ಎಷ್ಟು ಲಗೂನ ತೆಗದ್ರಿ ಅನ್ನೋದೇ ಲೆಕ್ಕ. ಕೊಂಡಿ ಜೊತಿಗೆ ಬಂದ ವಿಷದ ಚೀಲ ಅರ್ಧ ನಿಮಿಷದಾಗ ಹೆಚ್ಚೂಕಮ್ಮಿ ಖಾಲಿ ಆಗ್ತದ, ಕಾರ್ಡ್ ಹುಡುಕ್ಲಿಕ್ಕೆ ಹೋದ್ರ ಅಷ್ಟರಾಗ ಮುಗೀತು. ಸುಣ್ಣ, ಅರಿಷಿಣ, ಟೂತ್‌ಪೇಸ್ಟ್, ಕೀಲಿಕೈ ತಿಕ್ಕೋದು, ಸೀಮೆಣ್ಣಿ, ಇವ್ಯಾವೂ ಒಳಗ ಹೋದ ವಿಷಕ್ಕ ಮುಟ್ಟೋದಿಲ್ಲ, ಸುಣ್ಣ ಮತ್ತ ಸೀಮೆಣ್ಣಿ ಚರ್ಮ ಸುಡ್ತಾವ, ಅದೂ ಕಣ್ಣಿನ ಹತ್ರ ಹಚ್ಚಿದ್ರಂತೂ ಭಾಳ ಕೆಟ್ಟದು. ಥಣ್ಣೀರು, ಐಸ್, ಪ್ಯಾರಾಸಿಟಮಾಲ್, ತುರಿಕಿಗೆ ಸೆಟ್ರಿಜಿನ್ ಸಾಕು. ಬೆರಳಾಗಿನ ಉಂಗುರ ಮೊದಲು ತೆಗೀರಿ, ಆಮ್ಯಾಲ ಬಾವು ಬಂದ್ರ ಕತ್ತರಿಸಬೇಕಾಗ್ತದ. ಎರಡನೇ ದಿನ ಬಾವು ಇನ್ನೂ ಹೆಚ್ಚಾಗ್ತದ, ಕೆಂಪಗ ಆಗ್ತದ, ಕೀವು ಆಗ್ಯದ ಅಂತ ಆಂಟಿಬಯೋಟಿಕ್ ನುಂಗೋದು ಬ್ಯಾಡ, ಅದು ವಿಷದ ಬಾವೇ.

ರೂಢಿ ಆಗ್ತದ ಅನ್ನೋ ಮಾತು ಎಲ್ಲಾದಕ್ಕಿಂತ ಅಪಾಯ. ಅಲರ್ಜಿ ಅಂಬೋದು ಮೈ ಆ ವಿಷವನ್ನ ನೆನಪು ಇಟ್ಕೊಂಡಿದ್ದರಿಂದಲೇ ಬರೋದು. ಒಮ್ಮೆ ಹಿಂಗಾದವ್ರಿಗಿ ಮತ್ತ ಕಡದ್ರ ಮತ್ತ ಹಂಗೇ ಆಗೋ ಸಂಭವ ಭಾಳ ಅದ, ಕೆಲವ್ರಿಗಿ ಇನ್ನೂ ಜೋರಾಗಿ ಆಗ್ತದ. ಡಾಕ್ಟರ್ರ ಕೈಯಾಗ ಅಳತಿ ಮಾಡಿ, ಚೂರು ಚೂರು ವಿಷ ವರ್ಷಗಟ್ಲೆ ಚುಚ್ಚಿ ಮೈಗೆ ರೂಢಿ ಮಾಡಿಸೋ ಚಿಕಿತ್ಸೆ ಒಂದು ಅದ, ಅದು ಖರೇನೂ ಛೊಲೋ ಕೆಲಸ ಮಾಡ್ತದ, ಬಹುಶಃ ಆ ಸುದ್ದಿಯೇ ಯಾರದೋ ಬಾಯಾಗ ಹಿಂಗ ತಿರುಗಿರಬೇಕು. ಆದ್ರ ಅದು ನಮ್ಮ ಜಿಲ್ಲಾದಾಗ ಕೈಗೆ ಸಿಗೋ ಚಿಕಿತ್ಸೆ ಅಲ್ಲ, ಹೈದ್ರಾಬಾದ, ಬೆಂಗಳೂರಿನಂಥ ಊರಿನ ಅಲರ್ಜಿ ತಜ್ಞರನ್ನ ಕೇಳಿ ತಿಳಕೋಬೇಕು. ನಿಮಗ ಏಳೆಂಟು ಕಡದು ಬರೇ ಬಾವು ಬಂದಿದ್ರ ನೀವು ಆ ಗುಂಪಿನಾಗ ಬರೋದಿಲ್ಲ. ಕಡದ ಕೈ ಭುಜದ ತನಕ ಬಾತವ್ರಿಗೂ ಮುಂದಿನ ಸಲ ಮೈಯೆಲ್ಲಾ ಅಲರ್ಜಿ ಆಗೋ ಸಂಭವ ನೂರಕ್ಕ ಐದರಿಂದ ಹತ್ತು ಅಷ್ಟೇ ಅಂತ ಹಿಡಿತೀವಿ.

ಇನ್ನ ಯಾಕ ಎದ್ವು ಅನ್ನೋದು. ನಮ್ಮ ಭಾಗದಾಗ ಇದೇ ಹೊತ್ತಿನಾಗ ಯಾಕ ಹಿಂಗ ಆಗ್ತದ ಅಂತ ಗೊತ್ತಾದ್ರ ಅರ್ಧ ಕಾಟ ತಪ್ಪಿಸಬಹುದು. ಹೆಜ್ಜೇನು ಒಂದೇ ಕಡೆ ವರ್ಷಪೂರ್ತಿ ಇರೋ ಹುಳ ಅಲ್ಲ, ಹೂವಿನ ಬೆನ್ನು ಹತ್ತಿ ಊರೂರು ತಿರಗ್ತಾವ. ಮಳಿ ಹಿಂದ ಬಿದ್ದ ಮ್ಯಾಲ ನಮ್ಮ ಕಲಬುರಗಿ, ಬೀದರ, ಯಾದಗಿರಿ ಹೊಲದಾಗ ತೊಗರಿ ಹೂ ಹಳದಿ ಹಳದಿ ನಿಂತಿರ್ತದ, ಎಲ್ಲೋ ಒಂದು ಕಡೆ ಸೂರ್ಯಕಾಂತಿ, ಗುರೆಳ್ಳು, ಮುಂದ ಕುಸಬಿ. ಮ್ಯಾವು ಇದ್ದಲ್ಲಿ ಹುಳ ಬರ್ತಾವ, ಗೂಡಿಗೆ ಎತ್ತರದ ಬಂಡಿ, ದೊಡ್ಡ ಗಿಡ, ನೀರಿನ ಟಾಕಿ, ಸೇತುವಿ, ಹಳೇ ಕೋಟಿ ಗುಮ್ಮಟದ ಕಮಾನು ಹುಡುಕ್ತಾವ. ನೀರೂ ಹತ್ರ ಬೇಕು, ಬಿಸಲಿನಾಗ ಗೂಡು ಥಂಡ ಇಡ್ಲಿಕ್ಕೆ ನೀರು ತಂದು ಚಿಮಕಸ್ತಾವ. ಕೆರಿ ಬದಿ ಬಂಡಿ ಗುಡ್ಡ ಅಂದ್ರ ಅವಕ್ಕ ಎಲ್ಲಾ ಒಂದೇ ಕಡೆ ಸಿಕ್ಕಂಗ. ಅಂದ್ರ ನೀವು ತಿರಗಾಡ್ಲಿಕ್ಕೆ ಹುಡುಕೋ ಜಾಗ, ಹುಡುಕೋ ತಿಂಗಳು ಎರಡೂ ಅವೂ ಹುಡುಕಿರ್ತಾವ.

ಈ ಹುಳ ಪೊಟರಿಯಾಗ ಮರಿಯಾಗಿ ಗೂಡು ಕಟ್ಟೋದಿಲ್ಲ. ಒಂದೇ ದೊಡ್ಡ ಮೇಣದ ತಟ್ಟಿ, ಬಯಲಿಗೆ ಜೋತು ಬಿದ್ದಿರ್ತದ, ಅದರ ಮ್ಯಾಲ ಹುಳಗಳೇ ಪದರ ಪದರ ಪರದಿ ಕಟ್ಟಿ ಕುಂತಿರ್ತಾವ, ಒಂದು ಗೂಡಿನಾಗ ಹತ್ತಾರು ಸಾವಿರ ಇರ್ತಾವ. ಬಯಲಿನಾಗ ಇರೋದ್ರಿಂದಲೇ ಅಷ್ಟು ಸಿಟ್ಟು, ಬ್ಯಾರೆ ಕಾವಲಿಲ್ಲ ಅವಕ್ಕ. ಮತ್ತ ಅವಕ್ಕ ಎಲ್ಲಾದಕ್ಕಿಂತ ಹೆದರಿಕಿ ಹೊಗಿದು. ನಿಮ್ಮ ಚಹಾದ ಬೆಂಕಿ ಗೂಡಿನ ಕೆಳಗೇ ಹಚ್ಚ್ಯಾರ, ಹೊಗಿ ಬಂಡಿಗುಂಟ ನೆಟ್ಟಗ ಮ್ಯಾಲ ಹೋಗ್ಯದ. ಅದರಾಗ ಚಂದ್ರಂಪಳ್ಳಿ ಸುತ್ತಿನ ಅಡವಿ ಚಿಂಚೋಳಿ ವನ್ಯಜೀವಿ ಧಾಮಕ್ಕ ಸೇರಿದ್ದು, 2011ರಾಗ ಘೋಷಣೆ ಆಗ್ಯದ, ಸುಮಾರು 135 ಚದರ ಕಿಲೋಮೀಟರ್ ಅದ. ಅಂಥ ಕಡೆ ಬೆಂಕಿ ಹಚ್ಚೋದು ಕಾನೂನಿಗೂ ತಪ್ಪು, ನವೆಂಬರದಾಗ ಒಣಗಿ ನಿಂತ ಹುಲ್ಲಿಗೆ ಒಂದು ಕಿಡಿ ಹಾರಿದ್ರ ಗುಡ್ಡಕ್ಕ ಗುಡ್ಡ ಉರಿತದ. ಚಹಾ ಥರ್ಮಾಸಿನಾಗ ಒಯ್ಯಿರಿ, ಅರಣ್ಯ ಇಲಾಖೆಯವ್ರ ಪರವಾನಗಿ ತಗೊಂಡು ಅವರ ಕಡೆಯವ್ರನ್ನೇ ಒಬ್ರನ್ನ ಕರಕೊಳ್ರಿ, ಎಲ್ಲಿ ಗೂಡು ಅದ ಅಂತ ಅವ್ರಿಗಿ ಗೊತ್ತಿರ್ತದ.

ಗೂಡಿನ ಸುಳಿವು ನೀವೇ ಹಿಡಿಬಹುದು. ಬುತ್ತಿ ಬಿಚ್ಚೋ ಮೊದಲು ಕತ್ತು ಎತ್ತಿ ಬಂಡಿಯ ಚಾಚಿದ ಅಂಚು, ಎತ್ತರದ ಟೊಂಗಿ ನೋಡ್ರಿ, ಕರೀ ಅರ್ಧಚಂದ್ರ ಜೋತಾಡ್ತದ. ಎಲಿ ಮ್ಯಾಲ, ಕಲ್ಲಿನ ಮ್ಯಾಲ, ನಿಲ್ಲಿಸಿದ ಕಾರಿನ ಮ್ಯಾಲ ಅರಿಷಿಣ ಬಣ್ಣದ ಸಣ್ಣ ಸಣ್ಣ ಹನಿ ಒಣಗಿದ್ರ ಅದು ಹೆಜ್ಜೇನಿನ ಹೇಲು, ಹಿಂಡಾಗಿ ಎದ್ದು ಒಮ್ಮೆಲೇ ಹಾಕಿ ಹೋಗ್ತಾವ, ಮ್ಯಾಲೆ ಎಲ್ಲೋ ಗೂಡು ಅದ ಅಂತ ಅರ್ಥ. ಗೂಡಿನ ಮೈಮ್ಯಾಲ ನೀರಿನ ತೆರಿ ಹೊಂಟಂಗ ಥಳಥಳ ಸರದಾಡ್ಲಿಕತ್ರ ಅದು ನಿಮಗ ಹಿಂದ ಸರಿ ಅನ್ನೋ ಎಚ್ಚರಿಕಿ, ಫೋಟೋ ತಗೋತ ನಿಂದ್ರಬ್ಯಾಡ್ರಿ. ಹುಡುಗ್ರು ಕಲ್ಲು ಒಗದಿದ್ದು, ಹದ್ದು ಬಂದು ಗೂಡಿಗೆ ಹೊಡದಿದ್ದು, ಅರ್ಧ ತಾಸಿನ ಹಿಂದ ಬ್ಯಾರೆ ಯಾರೋ ಕೆಣಕಿ ಹೋಗಿದ್ದು, ಇವೂ ಕಾರಣ ಆಗ್ತಾವ, ಆವಾಗ ಏನೂ ತಪ್ಪ ಮಾಡದೇ ದಾರಿ ಹಿಡದು ಹೊಂಟವ್ರಿಗೂ ಕಡಿತಾವ. ತಿಳಿ ಬಣ್ಣದ ತುಂಬುತೋಳಿನ ಅಂಗಿ, ತಲಿಗೆ ಬಿಳೀ ಟಾವೆಲ್ ಛೊಲೋ, ಘಾಟು ಸೆಂಟು ಬ್ಯಾಡ. ಎಳ್ಳಮಾಸಿಗೆ ಮನಿಮಂದೆಲ್ಲಾ ಹೊಲಕ್ಕ ಹೋಗಿ ಚರಗ ಚೆಲ್ಲಿ, ಗಿಡದ ಬುಡಕ ಕುಂತು ಭಜ್ಜಿ, ಸಜ್ಜಿ ರೊಟ್ಟಿ ಉಣ್ತೀವಲ್ಲ, ಆವತ್ತೂ ಗಿಡದ ಮ್ಯಾಲ ಒಮ್ಮೆ ನೋಡೇ ಕೂಡ್ರಿ, ಸಣ್ಣ ಹುಡುಗ್ರು ಇರ್ತಾವ.

ಗೂಡು ಸುಡಿಸೋ ಮಾತು ಬ್ಯಾಡ್ರಿ. ಸುಟ್ರ ಅರ್ಧ ಹುಳ ಸಾಯ್ತಾವ, ಉಳದ ಅರ್ಧ ಮರುದಿನ ಸುತ್ತಮುತ್ತ ದನ, ಕುರಿ, ಮನುಷ್ಯಾರು ಯಾರು ಸಿಕ್ರ ಅವ್ರಿಗಿ ಕಡಿತಾವ. ಧಾಮದ ಒಳಗಂತೂ ಅದು ಗುನ್ಹಾ. ಮತ್ತ ಸೂರ್ಯಕಾಂತಿ ಕಾಳು ಛೊಲೋ ಕಟ್ಟಲಿಕ್ಕೆ ಈ ಹುಳ ಬೇಕು, ತೊಗರಿಗೂ ಇವುಗಳ ಓಡಾಟದಿಂದ ಅನುಕೂಲ ಅದ. ಗೂಡಿನ ಕಡೆ ಹೋಗದೇ ಇದ್ರ ಆಯ್ತು, ತೊಗರಿ ಹೂ ಮುಗದು ಮ್ಯಾವು ತೀರಿದ ಮ್ಯಾಲ ಅವೇ ಖಾಲಿ ಮಾಡ್ತಾವ.

ಈಗ ನಿಮ್ಮ ದೋಸ್ತನ ವಿಷಯ. ಮೂರು ದಾರಿ ಅವ, ಮೂರಕ್ಕೂ ಅದರದೇ ತೊಂದರೆ ಅದ.

ಹೋಗೋದೇ ಬಿಡೋದು ಒಂದು. ಮನಿಯವ್ರ ಹೆದರಿಕಿ ನನಗ ಅರ್ಥ ಆಗ್ತದ, ಆದ್ರ ಹೆಜ್ಜೇನು ಗುಡ್ಡದಾಗ ಅಷ್ಟೇ ಇರೋದಿಲ್ಲ, ಕಲಬುರಗಿ ಊರಾಗಿನ ಅಪಾರ್ಟ್‌ಮೆಂಟಿಗೂ, ಕಾಲೇಜಿನ ನೀರಿನ ಟಾಕಿಗೂ ಕಟ್ತಾವ. ಮನ್ಯಾಗ ಕುಂತ್ರೂ ತಯಾರಿ ಇಲ್ಲ ಅಂದ್ರ ಅಪಾಯ ಹಂಗೇ ಇರ್ತದ, ಬರೇ ನಡಿಗಿ ಮತ್ತ ದೋಸ್ತರ ಸಹವಾಸ ಹೋಗ್ತದ, ಬಿಪಿ ಇರೋ ಮನುಷ್ಯಾಗ ಅವೆರಡೂ ಬೇಕು.

ಎರಡನೇದು, ತಿಂಗಳು ಮತ್ತ ಜಾಗ ಬದಲಿಸೋದು. ಈ ವರ್ಷದ ಮಟ್ಟಿಗೆ ನಾನು ಇದನ್ನೇ ಹೇಳ್ತೀನಿ. ಮೊದಲು ಡಾಕ್ಟರ್ರಿಗೆ ತೋರಿಸೋದು ಆಗಲಿ, ತೊಗರಿ ಹೂ ಇರೋ ತನಕ ಬಂಡಿ ಗುಡ್ಡ ಬ್ಯಾಡ, ಬಯಲಾಗಿನ ಕೆರಿ ಏರಿ ಮ್ಯಾಲ, ಕಾರು ಹತ್ರ ಇರೋವಂಥ ಕಡೆ ನಡೀರಿ. ಅಪಾಯ ಶೂನ್ಯ ಆಗೋದಿಲ್ಲ, ಆದ್ರ ಎದ್ವು ಅಂದ್ರ ಎರಡು ನಿಮಿಷದಾಗ ಕಾರಿನಾಗ ಇರ್ತೀರಿ, ದವಾಖಾನಿನೂ ಹತ್ರ.

ಮೂರನೇದು, ಅಡ್ರಿನಾಲಿನ್ ಜೊತಿಗೆ ಇಟ್ಕೊಂಡು ಗುಡ್ಡಕ್ಕೇ ಹೋಗೋದು. ಹೊರದೇಶದಾಗ ಪೆನ್ನಿನಂಗ ಇರೋ ಇಂಜೆಕ್ಷನ್ ಸಿಗ್ತದ, ಒತ್ತಿದ್ರ ಸಾಕು, ನಮ್ಮ ಮೆಡಿಕಲ್ ಅಂಗಡ್ಯಾಗ ಅದು ಸುಲಭ ಸಿಗೋದಿಲ್ಲ. ಹಂಗಿದ್ರ ಆಂಪೂಲ್, ಸಿರಿಂಜ್, ಸೂಜಿ ಡಾಕ್ಟರ್ ಚೀಟಿ ಮ್ಯಾಲ ತಗೊಂಡು, ಎಷ್ಟು ಎಳೀಬೇಕು, ಎಲ್ಲಿ ಚುಚ್ಚಬೇಕು ಅಂತ ನಿಮ್ಮಾಗ ಕನಿಷ್ಠ ಇಬ್ರು ಡಾಕ್ಟರ್ ಮುಂದ ಕುಂತು ಕಲೀಬೇಕು, ಮಾಡಿ ತೋರಿಸಬೇಕು. ಇದರ ಅಪಾಯ ಏನಂದ್ರ ಗಾಬರಿಯಾಗ ಡೋಸ್ ತಪ್ಪೋದು, ರಕ್ತನಾಳಕ್ಕ ಹೋಗೋದು, ಆಂಪೂಲ್ ಒಡಿವಾಗ ಕೈ ಕೊಯ್ಕೊಳ್ಳೋದು. ಓದಿ, ವಿಡಿಯೋ ನೋಡಿ ಕಲಿಯೋ ಕೆಲಸ ಅಲ್ಲ ಇದು. ಕಲಿಸೋ ಡಾಕ್ಟರ್ ಸಿಕ್ರ, ಕಲಿಯೋ ಮನಸ್ಸಿರೋ ದೋಸ್ತರು ಇದ್ರ ಮುಂದಿನ ವರ್ಷಕ್ಕ ಇದು ಆಗೋವಂಥ ಮಾತು.

ಬಿಪಿ ಗುಳಿಗಿ ಯಾವದು ಅಂತ ನೀವು ಬರದಿಲ್ಲ, ಅದು ಭಾಳ ಮುಖ್ಯ. ಅಟೆನೊಲೊಲ್, ಮೆಟೊಪ್ರೊಲೊಲ್ ಅಂಥ ಬೀಟಾ ಬ್ಲಾಕರ್ ಇದ್ರ ಅನಫೈಲ್ಯಾಕ್ಸಿಸ್ ಆದಾಗ ಅಡ್ರಿನಾಲಿನ್ ಸರಿಯಾಗಿ ಹತ್ತೋದಿಲ್ಲ. ಅವ್ರು ತಾವೇ ಗುಳಿಗಿ ಬಿಡೋದು ಮಾತ್ರ ಬ್ಯಾಡ, ಒಮ್ಮೆಲೇ ಬಿಟ್ರ ಹೃದಯಕ್ಕ ತೊಂದರೆ. ಚೀಟಿ ತಗೊಂಡು ಫಿಸಿಷಿಯನ್ ಹತ್ರ ಹೋಗಿ ಹಿಂಗಿಂಗ ಆಗಿತ್ತು ಅಂತ ಪೂರಾ ಹೇಳಲಿ, ಬದಲಿ ಗುಳಿಗಿ ಆಗ್ತದೋ ಇಲ್ಲೋ ಅವ್ರು ನೋಡ್ತಾರ.

ನೀವು ಕೇಳದೇ ಇರೋದು ಒಂದು ಹೇಳಲೇಬೇಕು, ಯಾಕಂದ್ರ ಆ ಬೆಂಕಿ ಬಿಟ್ರ ನಿಮ್ಮ ಕೈಯಿಂದ ಆದ ತಪ್ಪು ಇದೊಂದೇ. ಕಣ್ಣಿಗೆ ಕತ್ತಲಿ ಬಂದು ಕುಂತವ್ರನ್ನ ಎಬ್ಬಿಸಿ ನಡಸಿದ್ರಿ. ಬಿಪಿ ಬಿದ್ದವ್ರನ್ನ ಎದ್ದು ನಿಲ್ಲಿಸಿದ್ರ ಇರೋ ರಕ್ತ ಕಾಲಿಗೆ ಇಳಿತದ, ಹೃದಯ ಖಾಲಿ ಆಗ್ತದ, ನಿಂತಲ್ಲೇ ಜೀವ ಹೋದ ಉದಾಹರಣಿ ಅವ. ಹುಳದ ದಾಳಿಯಿಂದ ದೂರ ಬಂದ ಮ್ಯಾಲ ಅಂಗಾತ ಮಲಗಿಸ್ರಿ, ಕಾಲ ಕೆಳಗ ಬ್ಯಾಗ್ ಇಡ್ರಿ, ವಾಂತಿ ಇದ್ರ ಮಗ್ಗಲಾ ಮಾಡ್ರಿ, ಉಸುರು ಕಟ್ಟಿದ್ರ ಅಷ್ಟೇ ಸ್ವಲ್ಪ ಎತ್ತಿ ಕೂಡಿಸ್ರಿ. ಇಳಿಸಬೇಕಾದ್ರ ಚಾದರದಾಗ ನಾಕು ಮಂದಿ ಹೊತ್ತು ತರೋದು, ಅದಕ್ಕ ಒಂದು ಗಟ್ಟಿ ಚಾದರ ಬ್ಯಾಗಿನಾಗ ಇರಲಿ. ಒಬ್ರು ಮೊದಲೇ ಇಳದು ಸಿಗ್ನಲ್ ಸಿಗೋ ಕಡೆಯಿಂದ 108ಕ್ಕ ಫೋನ್ ಹಚ್ಚಿ ಅನಫೈಲ್ಯಾಕ್ಸಿಸ್ ಅಂತಲೇ ಹೇಳ್ರಿ. ದವಾಖಾನಿಗೆ ಮುಟ್ಟಿದ ಮ್ಯಾಲೂ ಮೈತುಂಬ ದದ್ದು ಅದ, ವಾಂತಿ ಆಗ್ಯದ, ಕಣ್ಣಿಗೆ ಕತ್ತಲಿ ಬಂದದ, ಅಡ್ರಿನಾಲಿನ್ ಬೇಕಾ ಅಂತ ಕೇಳ್ರಿ. ಕೇಳೋದಕ್ಕ ಸಂಕೋಚ ಬ್ಯಾಡ, ಕೇಳಿದ್ರ ಸಿಟ್ಟಾಗೋ ಡಾಕ್ಟರ್ರೂ ಆಮ್ಯಾಲ ನಿಮ್ಮ ಮಾತು ನೆನಸ್ತಾರ.

ಅಲರ್ಜಿ ಇಲ್ಲದವ್ರಿಗೂ ಐವತ್ತರ ಮ್ಯಾಲ ಕಡದ್ರ ಆರಾಮ ಅದೀನಿ ಅಂದ್ರೂ ದವಾಖಾನಿಗೆ ಹೋಗ್ಲೇಬೇಕು, ಹುಡುಗ್ರಿಗಿ, ವಯಸ್ಸಾದವ್ರಿಗಿ ಅದಕ್ಕಿಂತ ಕಮ್ಮಿಗೇ. ಬಾಯಿ, ಗಂಟಲು, ಕಣ್ಣಿನಾಗ ಕಡದಿದ್ರ ಒಂದಾದ್ರೂ ಹೋಗ್ರಿ. ಮುಂದಿನ ಎರಡು ಮೂರು ದಿನ ಮೂತ್ರದ ಮ್ಯಾಲ ಕಣ್ಣಿರಲಿ, ಕಡಕ್ ಚಹಾದಂಗ ಬಣ್ಣ ಬಂದ್ರ, ಕಮ್ಮಿ ಆದ್ರ, ಮೈಕೈ ಭಾಳ ನೋವಾದ್ರ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು, ಕ್ರಿಯಾಟಿನಿನ್, ಸಿಪಿಕೆ ರಕ್ತ ಪರೀಕ್ಷಾ ಮಾಡಿಸಬೇಕು. ಲಗೂನ ಬಂದ್ರ ಸಲಾಯಿನ್ ಹಚ್ಚಿ ಕಿಡ್ನಿ ಉಳಿಸಬಹುದು, ತಡಾ ಆದ್ರ ಡಯಾಲಿಸಿಸ್ ತನಕ ಹೋಗ್ತದ.

ಜೇನುತುಪ್ಪ ಯಾಕ ಬಿಡಿಸ್ಯಾರೋ ಮನಿಯವ್ರಿಗೆ ಹೇಳ್ರಿ, ವಿಷದ ಅಲರ್ಜಿ ಬ್ಯಾರೆ, ತುಪ್ಪದ ಅಲರ್ಜಿ ಬ್ಯಾರೆ. ಮೊದಲು ತಿಂದಾಗ ಏನೂ ಆಗಿಲ್ಲ ಅಂದ್ರ ಈಗಲೂ ತಿನ್ನಬಹುದು. ಅವ್ರನ್ನೂ ಫಿಸಿಷಿಯನ್ ಹತ್ರ ಜೊತಿಗೇ ಕರಕೊಂಡು ಹೋಗ್ರಿ, ಇಂಜೆಕ್ಷನ್ ಕಲಿಯೋ ಇಬ್ರಾಗ ಅವ್ರೂ ಒಬ್ರಾದ್ರ ಮನ್ಯಾಗೂ ಒಂದು ಕೈ ತಯಾರ ಇರ್ತದ.